ಹೊರಗಿನಿಂದ ಮಾತ್ರ ತೆರೆಯುವ ಬಾಗಿಲು

ದೇವರ ಮುಂದೆ ನಾನು ಸುಳ್ಳು ಹೇಳಿದವಳಲ್ಲ. ಆದರೆ ಅರ್ಧ ನಿಜ ಹೇಳಿ, ಉಳಿದರ್ಧವನ್ನು ಸೆರಗಿನಲ್ಲಿ ಕಟ್ಟಿಕೊಂಡು ವಾಪಸು ಬಂದದ್ದುಂಟು. ಆ ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ನೀರೊಲೆಯ ಬೂದಿ ಉದುರಿಸಿ, ಎಂಜಿನ್ ಆಯಿಲಿನ ಕಲೆಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ನಮ್ಮ ಮನೆಯವರು ಕಿವಿಯಿಂದ ಫೋನು ತೆಗೆದು, "ಶರಣಮ್ಮಾ, ಗಟ್ಟು ಊರ ಕಡಿಂದ ಗಿರಾಕಿ ಬರ್ತಾನಂತ. ನಾಳೆನ. ಗಾಡಿ ಒಯ್ಯಾಕ" ಎಂದರು. ನಾನು ನಾರು ಕೆಳಗಿಟ್ಟು ಅಲ್ಲಿಂದಲೇ ಮಕ್ತಲ್ ದಿಕ್ಕಿಗೆ ಕೈ ಮುಗಿದೆ. ಆರು ತಿಂಗಳಿಂದ ಪ್ರತಿ ಶನಿವಾರ ಮಕ್ತಲ್ ಹನುಮಪ್ಪನಿಗೆ ನಾನು ಕೇಳಿಕೊಂಡಿದ್ದು ಅದನ್ನೇ. 'ನಮ್ಮವರ ಎಡಮೊಣಕಾಲು ಸವೆದಿದೆ, ಕ್ಲಚ್ ಒತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಈ ಪಿಕಪ್ ಗಾಡಿ ಒಳ್ಳೆಯವರ ಪಾಲಾಗಲಪ್ಪಾ' ಎಂದು. ಇದು ಆ ಅರ್ಧ ನಿಜ. ಉಳಿದರ್ಧ ನನ್ನ ಅಂಗಳದಲ್ಲಿ ಕಪ್ಪಗೆ ಬಿದ್ದಿತ್ತು.

ದಿನವೂ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವವಳು ನಾನು. ಇವರು ಮಧ್ಯಾಹ್ನ ಊಟಕ್ಕೆ ಬಂದವರು ಗಾಡಿಯನ್ನು ಸೀದಾ ತಂದು ನನ್ನ ರಂಗೋಲಿಯ ಮೇಲೆ ನಿಲ್ಲಿಸುತ್ತಾರೆ. ಅದು ಅಲ್ಲಿ ನಿಂತು, ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ಪದ್ಮದ ನಡುವೆ ನಾಲ್ಕು ಹನಿ ಆಯಿಲು ಬಿಡುತ್ತದೆ. ಹತ್ತೊಂಬತ್ತು ವರ್ಷ ಇದೇ ನಡೆದಿದೆ. ಶಿವಭಕ್ತರ ಮನೆಯಲ್ಲಿ ಬೂದಿಗೆ ಬರವಿಲ್ಲ, ಅದೊಂದು ಪುಣ್ಯ. ಹಣೆಗಿಷ್ಟು, ಆಯಿಲಿಗಿಷ್ಟು. ಪಕ್ಕದ ಮನೆಯ ಈರಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, "ಶರಣಕ್ಕಾ, ನೀ ಬಿಳೀ ರಂಗೋಲಿ ಹಾಕ್ತಿ, ನಿಮ್ಮ ಗಾಡಿ ಕರೀ ರಂಗೋಲಿ ಹಾಕ್ತೈತಿ. ಅದರ ಕೈಯಾಗ ಕಲಾ ಐತಿ ನೋಡು" ಎನ್ನುತ್ತಿದ್ದಳು.

ಈ ಗಾಡಿಗೆ ಗಂಡಸರು ಯಾಕಿಷ್ಟು ಜೀವ ಬಿಡುತ್ತಾರೆಂದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ದುಂಡು ದೀಪ, ಚೌಕ ಮೂತಿ. ಮುಖ ನೋಡಿದರೆ ಸಿಟ್ಟಿನ ಸೋದರಮಾವನ ಹಾಗಿದೆ. ಈ ಮಾಡೆಲ್ಲನ್ನು ಕಂಪನಿಯವರು ಎಂದೋ ನಿಲ್ಲಿಸಿದರಂತೆ. ನಿಲ್ಲಿಸಿದ ಮೇಲೆಯೇ ಡ್ರೈವರುಗಳಿಗೆ ಭಕ್ತಿ ಜಾಸ್ತಿಯಾಯಿತು. ನಾವು ಮಕ್ತಲ್ ರಸ್ತೆಯಲ್ಲಿ ಚಹಾಕ್ಕೆ ನಿಂತರೆ ಸಾಕು, ತಣ್ಣನೆ ಗಾಳಿ ಬೀಸುವ ಹೊಸ ಹೊಸ ಗಾಡಿಗಳವರು ಇಳಿದು ಬಂದು ನಮ್ಮದರ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾರೆ, ಗುಡಿಯ ಮುಂದಿನ ಬಸವಣ್ಣನ ಬೆನ್ನು ಸವರಿದಂತೆ. "ಹೊಸಾ ಗಾಡ್ಯಾಗ ಒಂದು ಕೆಂಪ್ ಲೈಟ್ ಹತ್ತಿದ್ರ ಶೋರೂಮಿಗೆ ಹೊತ್ಕೊಂಡು ಹೋಗ್ಬೇಕ್ರಿ. ಇದಕ್ಕಾದ್ರ ಒಂದು ಪಾನಾ, ಒಂದು ತುಂಡು ತಂತಿ ಇದ್ರ ಬೇವಿನ ಗಿಡದ ಕೆಳಗ ರಿಪೇರಿ ಆಗ್ತೈತಿ" ಎಂದು ಒಬ್ಬ ಹೇಳಿದರೆ ಉಳಿದವರು ನಿಟ್ಟುಸಿರು ಬಿಡುತ್ತಾರೆ. ಅತ್ತೆಯವರು ತೀರಿಕೊಂಡಾಗ ಕಣ್ಣೊರೆಸಿಕೊಳ್ಳದ ನಮ್ಮ ಮನೆಯವರು ಇಂಥ ಮಾತಿಗೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಧೂಳು ಬಿತ್ತಂತೆ.

ಹಾಗೆಂದು ಗಾಡಿ ದುಡಿಯದೆ ಕೂತದ್ದಲ್ಲ. ನಮ್ಮೂರು ನಾರಾಯಣಪೇಟೆಯ ಸೀರೆಗಂಟು ಹೊತ್ತಿದೆ, ಶೇಂಗಾ ಚೀಲ ಹೊತ್ತಿದೆ, ಉಟ್ಕೂರಿನ ಮದುವೆಯ ಮಂದಿಯನ್ನೂ ಮದುವೆಯ ಪಾತ್ರೆಗಳನ್ನೂ ಒಂದೇ ಸಲಕ್ಕೆ ಹೊತ್ತಿದೆ. ನಮ್ಮ ಮಗಳು ಗೌರಿಯನ್ನು ಶಾಂತಿನಗರಕ್ಕೆ ಕೊಟ್ಟಾಗ ಮಂಚ, ಬೀರು, ಬೀರುವಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅಳುತ್ತ ಕೂತ ನನ್ನ ತಂಗಿ, ಎಲ್ಲವನ್ನೂ ಒಯ್ದು ಮುಟ್ಟಿಸಿದೆ.

ಅದರಲ್ಲಿ ಒಂದೇ ಒಂದು ದೋಷ. ಆಯಿಲು ಬಿಟ್ಟರೆ, ಹಾರ್ನು ಬಿಟ್ಟರೆ, ಮೊದಲನೇ ಗೇರು ಬಿಟ್ಟರೆ ಒಂದೇ ಒಂದು. ನಾನು ಕೂರುವ ಕಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಹೊಸದರಲ್ಲೇ ಹಿಡಿಕೆ ಮುರಿಯಿತು. "ನಾಳೆ ಮಾಡಸ್ತೀನಿ" ಎಂದರು. ಆ ನಾಳೆ ಬರಲೇ ಇಲ್ಲ. ಹಾಗಾಗಿ ಎಲ್ಲಿಗೆ ಹೋದರೂ ಇವರು ತಮ್ಮ ಕಡೆಯಿಂದ ಇಳಿದು, ಗಾಡಿಯ ಮೂತಿ ಸುತ್ತಿ ಬಂದು, ನನಗೆ ಬಾಗಿಲು ತೆರೆಯಬೇಕು. ನಾರಾಯಣಪೇಟೆ ಬಸ್‌ಸ್ಟ್ಯಾಂಡಿನ ಹೆಂಗಸರು ಇದನ್ನು ನೋಡಿ ತಮ್ಮ ತಮ್ಮ ಗಂಡಂದಿರ ಕಡೆ ಹೇಗೆ ತಿರುಗಿ ನೋಡುತ್ತಿದ್ದರೆಂದರೆ, ನಿಜ ಹೇಳಲು ನನಗೆ ಮನಸ್ಸೇ ಬರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಇವರು ನನಗೆ ಒಂದು ಮೊಳ ಮಲ್ಲಿಗೆ ತಂದವರಲ್ಲ. ಆದರೆ ವಾರಕ್ಕೊಮ್ಮೆಯಾದರೂ ರಾಣಿಗೆ ತೆರೆದಂತೆ ಬಾಗಿಲು ತೆರೆದಿದ್ದಾರೆ. ದೇವರು ಕೊಡುವಾಗ ಹಿಡಿಕೆ ಮುರಿದೂ ಕೊಡುತ್ತಾನೆ.

ಇರಲಿ, ಗಿರಾಕಿಯ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಗಟ್ಟಿನ ತಿಮ್ಮಪ್ಪ ಬಂದ. ಅವನೂ ಡ್ರೈವರೇ, ಇಂಥದೇ ಗಾಡಿ ಇಟ್ಟುಕೊಂಡಿದ್ದು, ಮಾರಿ, ಎರಡು ವರ್ಷ ಕೊರಗಿದವನಂತೆ. ಬಂದವನು ನಮಗೆ ನಮಸ್ಕಾರ ಮಾಡುವ ಮೊದಲು ಗಾಡಿಗೆ ಮಾಡಿದ. ಕೆಳಗೆ ಹೋಗಿ ಮಲಗಿ, ಹಣೆಯ ಮೇಲೆ ಒಂದು ಹನಿ ಆಯಿಲು ಬೀಳಿಸಿಕೊಂಡು, ಪ್ರಸಾದ ಸಿಕ್ಕವನಂತೆ ನಗುತ್ತ ಎದ್ದ. "ಬಂಡಿ ಬಂಗಾರಂ ವೀರಣ್ಣನೋರೆ, ಬಂಗಾರಂ! ಕೀಲಿ ಕೊಡ್ರಿ, ಈಗ್ಲೇ ಒಯ್ತೀನಿ" ಎಂದ. ನಮ್ಮ ಮನೆಯವರು ಕೀಲಿಯನ್ನು ಅವನ ಕೈಗಿಡಲಿಲ್ಲ. ನನ್ನ ಕಡೆ ನೋಡಿ, ಹಾಲಿನಂಥ ಮುಖ ಮಾಡಿಕೊಂಡು, "ನಿಮ್ಮ ಅಕ್ಕಾರನ್ನ ಒಂದು ಮಾತು ಕೇಳಪ್ಪ. ಇವತ್ತು ಶುಕ್ರಾರ" ಎಂದರು.

ಶುಕ್ರವಾರ ನಮ್ಮ ಮನೆಯಿಂದ ಏನೂ ಹೊರಗೆ ಹೋಗುವಂತಿಲ್ಲ. ಇದು ನನ್ನದೇ ಕಟ್ಟಳೆ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಈರಮ್ಮನನ್ನು ಎಷ್ಟು ಶುಕ್ರವಾರ ಖಾಲಿ ಬಟ್ಟಲಿನೊಂದಿಗೆ ಕಳಿಸಿಲ್ಲ! ಅವಳು ಆಗಲೇ ಕಾಂಪೌಂಡಿನ ಮೇಲೆ ಗದ್ದವಿಟ್ಟು ನಿಂತಿದ್ದಳು. ಒಂದು ಚಮಚ ಮಜ್ಜಿಗೆ ಕೊಡದವಳು ಇಡೀ ಪಿಕಪ್ ಕೊಟ್ಟಾಳೆಯೇ ಎಂದು ಅವಳ ಕಣ್ಣು ಕೇಳುತ್ತಿತ್ತು. ನನ್ನ ಬಾಯಿಂದಲೇ, "ಇವತ್ತು ಬ್ಯಾಡಪ್ಪ, ಲಕ್ಷ್ಮಿ ಹೊಸ್ತಿಲಾ ದಾಟಬಾರದು. ನಾಳೆ ಬಾ" ಎಂದು ಬಂತು. ಗಿರಾಕಿಯನ್ನು ಶುಕ್ರವಾರವೇ ಕರೆಸಿದವರು ಯಾರು ಎಂದು ಹೊಳೆದದ್ದು ಆಮೇಲೆ. ಇವರು ಒಳಗೆ ಹೋಗಿ ಊಟದಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

"ನಾಳೆ ಶನಿವಾರ ಅಕ್ಕಾ," ಎಂದ ತಿಮ್ಮಪ್ಪ ಪೆಚ್ಚಾಗಿ. "ಶನಿವಾರ ಕಬ್ಬಿಣ ಕೊಂಡ್ರ ನಮ್ಮವ್ವ ಮನ್ಯಾಗ ಕರಕೊಳ್ಳಂಗಿಲ್ಲ." ಭಾನುವಾರ ಅಮಾವಾಸ್ಯೆ. ಸೋಮವಾರ ಬಸವಣ್ಣನಿಗೆ ನೊಗ ಹೂಡುವಂತಿಲ್ಲ, "ಇದೂ ನಮ್ಮ ಬಸವಣ್ಣನ ಅಲ್ಲೇನು?" ಎಂದು ಇವರು ಭಕ್ತಿಯಿಂದ ಕೇಳಿದರು. ಇಷ್ಟು ವರ್ಷ ಗುಡಿಯ ಹೊರಗೆ ಚಪ್ಪಲಿ ಕಾಯುತ್ತ ನಿಂತವರಿಗೆ ಒಂದೇ ದಿನದಲ್ಲಿ ಎಲ್ಲ ಶಾಸ್ತ್ರವೂ ಬಾಯಿಪಾಠವಾಗಿತ್ತು. ಮಂಗಳವಾರವಂತೂ ಶುಕ್ರವಾರದ ಅಕ್ಕನೇ. ಬುಧವಾರವೆಂದು ನಿಶ್ಚಯವಾಯಿತು. ಬುಧವಾರಕ್ಕೆ ಅಡ್ಡಿಯೊಂದು ಸಿಗಬಹುದೇ ಎಂದು ಇವರು ಗೋಡೆಯ ಕ್ಯಾಲೆಂಡರನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದುದನ್ನು ನಾನು ಕಂಡೆ.

ನಡುವೆ ಆ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಗಾಡಿ ತೊಳೆದು, ಪೂಜೆ ಮಾಡಿ, ಕಾಯಿ ಒಡೆಯುವುದು ರೂಢಿ. ಕೊನೆಯ ಪೂಜೆಯೆಂದು ವಿಭೂತಿ ಮೂರು ಗೆರೆ ಸ್ವಲ್ಪ ದಪ್ಪಗೇ ಎಳೆದೆ. ಆಮೇಲೆ ಅದರಲ್ಲೇ ಮಕ್ತಲ್‌ಗೆ ಹೋದೆವು. ದಾರಿಯಲ್ಲಿ ಪ್ರತಿ ಗೇರಿಗೂ ಇವರು ಹಲ್ಲು ಕಚ್ಚುತ್ತಿದ್ದರು. ನೋವು ಮುಚ್ಚಿಡಲು ಹಾಡು ಗುನುಗುತ್ತಿದ್ದರು. ಇವರು ಹಾಡಿದರೆ ನೋವು ಬಹಳವಿದೆ ಎಂದೇ ಲೆಕ್ಕ. ಗುಡಿಯ ಮುಂದೆ ನಿಲ್ಲಿಸಿ, ಒಂದು ಕೈ ಬಾನೆಟ್ಟಿನ ಮೇಲಿಟ್ಟುಕೊಂಡು, ಕುಂಟುತ್ತ ಸುತ್ತಿ ಬಂದು ಬಾಗಿಲು ತೆರೆದರು. "ಇಳಿ" ಎಂದರು. ಅಷ್ಟೇ. ಹನುಮಪ್ಪನ ಮುಂದೆ ನಿಂತೆ. ಆರು ತಿಂಗಳು ಬಾಯಿಪಾಠವಾಗಿದ್ದ ಬೇಡಿಕೆ ನೆನಪಿಗೆ ಬರಲಿಲ್ಲ. ಗಾಡಿ ಹೋಗಲಿ ಎಂದರೆ ಬಾಗಿಲು ಹೋಗುತ್ತದೆ. ಇರಲಿ ಎಂದರೆ ಮೊಣಕಾಲು ಹೋಗುತ್ತದೆ. "ಮೊಣಕಾಲು ನೋಡ್ಕೋ ತಂದೆ" ಎಂದಷ್ಟೇ ಹೇಳಿ ಬಂದೆ. ಆ ಸಲ ಸೆರಗಿನಲ್ಲಿ ಏನೂ ಕಟ್ಟಿಕೊಂಡಿರಲಿಲ್ಲ.

ಬುಧವಾರ ತಿಮ್ಮಪ್ಪ ಬೆಳಿಗ್ಗೆಯೇ ಬಂದ. ಇವರು ಕೀಲಿ ಕೊಟ್ಟು, ಏನೋ ಹುಡುಕುವವರಂತೆ ಹಿತ್ತಲಿಗೆ ಹೋದರು. ನನಗೆ ಏನಾಯಿತೋ, "ತಡಿಯಪ್ಪ" ಎಂದು ಒಳಗೆ ಓಡಿದೆ. ಹೊಸ ರವಿಕೆ ಕಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಎಲೆ ಅಡಿಕೆ ಇಟ್ಟು ಗಂಟು ಕಟ್ಟಿ ತಂದು, ಸ್ಟೇರಿಂಗಿನ ಪಕ್ಕದ ಡಬ್ಬಿಯೊಳಗಿಟ್ಟೆ. ಗಂಡನ ಮನೆಗೆ ಹೋಗುವ ಮಗಳನ್ನು ಉಡಿ ತುಂಬದೆ ಹೇಗೆ ಕಳಿಸುವುದು? ಈರಮ್ಮ ಕಾಂಪೌಂಡಿನ ಮೇಲಿಂದ, "ಸೋಮವಾರ ಎತ್ತಾಗಿತ್ತು, ಬುಧವಾರ ಮಗಳಾತಲ್ಲೇ ಯಕ್ಕಾ!" ಎಂದು ನಕ್ಕಳು. ತಿಮ್ಮಪ್ಪ ನಗಲಿಲ್ಲ. ತಲೆಗೆ ಸುತ್ತಿದ ಟವೆಲ್ಲು ತೆಗೆದು, "ಅಕ್ಕಾ, ಉಡಿ ತುಂಬಿ ಕೊಟ್ಟೀರಿ. ನಾಗರ ಪಂಚಮಿಗೆ ತವರಿಗೆ ಕರಕೊಂಡು ಬರ್ತೀನಿ. ಇದು ನನ್ನ ಮಾತು" ಎಂದು ಹೊರಟ. ಸಂಜೆ ಗೌರಿಗೆ ಫೋನಿನಲ್ಲಿ ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. "ಯವ್ವಾ, ನನ್ನ ಕಳಿಸುವಾಗ ಬಿಸಿಬಿಸಿ ಭಜಿ ಕರಿಯಾಕತ್ತಿದ್ದಿ. ಈಗ ಅಳ್ತಿ!" ಎಂದು ಅವಳು ಫೋನು ಇಟ್ಟುಬಿಟ್ಟಳು.

ಆಮೇಲಿನ ತಿಂಗಳುಗಳಲ್ಲಿ ಅಂಗಳ ಕನ್ನಡಿಯಂತಾಯಿತು. ಬೆಳಿಗ್ಗೆ ಬಿಟ್ಟ ರಂಗೋಲಿ ಸಂಜೆಗೂ ಹಾಗೇ ಇರುತ್ತಿತ್ತು. ಯಾರೂ ಬಾರದ ಮನೆಯ ಊಟದೆಲೆಯಂತೆ. ಇವರ ಮೊಣಕಾಲು ಬಾವು ಇಳಿದು ಮೆಟ್ಟಿಲು ಹತ್ತುವಷ್ಟಾಯಿತು. ಅದಕ್ಕೆ ದೇವರಿಗೆ ಎರಡು ಕಾಯಿ ಹೆಚ್ಚಿಗೆ ಒಡೆದೆ. ಆದರೆ ಇವರು ಕಟ್ಟೆಯ ಮೇಲೆ ಕೂತು, ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತ, "ಇದು ಅಲ್ಲ... ಇದೂ ಅಲ್ಲ" ಎನ್ನುವುದನ್ನು ಕೇಳಲಾಗುತ್ತಿರಲಿಲ್ಲ. ಮಕ್ತಲ್‌ಗೆ ನಾವೀಗ ಶೇರ್ ಆಟೋದಲ್ಲಿ ಹೋಗುತ್ತೇವೆ. ಆಟೋಗೆ ಬಾಗಿಲೇ ಇಲ್ಲ. ಇವರು ತಾವಿಳಿದು ತಮ್ಮ ಪಾಡಿಗೆ ಮುಂದೆ ನಡೆದುಬಿಡುತ್ತಾರೆ, ನಾನು ನನ್ನ ಪಾಡಿಗೆ ಹಿಂದೆ. ಬಸ್‌ಸ್ಟ್ಯಾಂಡಿನ ಹೆಂಗಸರು ಈಗ ನನ್ನನ್ನು ನೋಡಿ ತಮ್ಮವರ ಕಡೆ ತಿರುಗುವುದಿಲ್ಲ.

ಪಂಚಮಿಯ ದಿನ ಶೇಂಗಾ ಉಂಡಿ ಕಟ್ಟುತ್ತಿದ್ದೆ. ಹೊರಗೆ ಇವರು, "ಬಂತು!" ಎಂದು ಕೂಗಿದರು. ಗಾಡಿ ಇನ್ನೂ ಓಣಿಯ ತಿರುವಿನಲ್ಲೂ ಕಾಣಿಸಿರಲಿಲ್ಲ. ತಿಮ್ಮಪ್ಪ ಮಾತು ಉಳಿಸಿಕೊಂಡಿದ್ದ. ಕನ್ನಡಿಗೆ ಹೊಸ ಹಸಿರು ಬಳೆ ಕಟ್ಟಿದ್ದ, ಮೂತಿಗೆ ಹೂವಿನ ಸರ. ಸೀದಾ ತಂದು ನನ್ನ ಹಬ್ಬದ ರಂಗೋಲಿಯ ಮೇಲೆ ನಿಲ್ಲಿಸಿದ. ನಾನು ಬಗ್ಗಿ ನೋಡಿದೆ. ಒಂದು, ಎರಡು, ಮೂರು, ನಾಲ್ಕು. ಅಬ್ಬಾ, ಮಗಳು ಗುಣ ಮರೆತಿಲ್ಲ.

"ಒಂದು ಸುತ್ತು ಹೋಗಿ ಬರ್ರಿ, ಇಬ್ಬರೂ. ಒಂದು ದಿನ ಕ್ಲಚ್ ಒತ್ತಿದ್ರ ಏನಾಗಂಗಿಲ್ಲ" ಎಂದು ತಿಮ್ಮಪ್ಪ ಇವರಿಗೆ ಕೀಲಿ ಕೊಟ್ಟ. ಉಟ್ಕೂರ್ ರಸ್ತೆಯಲ್ಲಿ ಎರಡು ಮೈಲಿ ಹೋಗಿ ಬಂದೆವು. ಇವರು ಹಾಡಲಿಲ್ಲ. ನೋವಿರಲಿಲ್ಲವೆಂದು ಕಾಣುತ್ತದೆ. ಮನೆಯ ಮುಂದೆ ನಿಂತಾಗ ತಿಮ್ಮಪ್ಪ ಕಟ್ಟೆಯಿಂದಲೇ ಹೆಮ್ಮೆಯಿಂದ ಕೂಗಿದ: "ಅಕ್ಕಾ, ಮರತಿದ್ದೆ, ನಿಮ್ಮ ಕಡೆ ಬಾಗಲಾ ರಿಪೇರಿ ಮಾಡಿಸೀನ್ರಿ. ಹೊಸಾ ಹಿಡಿಕಿ. ಒಳಗಿಂದನ ತೆರೀತೈತಿ, ಎಳೀರಿ ಸುಮ್ನ!"

ನೋಡಿದೆ. ಹಿಡಿಕೆ ಹೊಳೆಯುತ್ತಿತ್ತು. ಮಗುವಿನ ಬೆರಳಿಗೂ ತೆರೆಯುವಂತಿತ್ತು. ಹಬ್ಬದ ದಿನ, ಹಣೆಯಲ್ಲಿ ವಿಭೂತಿ, ಮಡಿ ಸೀರೆ. ನಾನು ಅದನ್ನು ಮುಟ್ಟದೆ, "ಬರವಲ್ದಪ್ಪ, ಬಿಗಿ ಐತಿ" ಎಂದು ಗಟ್ಟಿಯಾಗಿಯೇ ಸುಳ್ಳು ಹೇಳಿ, ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ನಮ್ಮ ಮನೆಯವರು ಇಳಿದರು. ಮೂತಿ ಸುತ್ತಿ ಬಂದರು, ಈ ಸಲ ಬಾನೆಟ್ಟಿಗೆ ಕೈ ಊರದೆ. ಬಾಗಿಲು ತೆರೆದರು. ಹೊಸ ಹಿಡಿಕೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಇಳಿ" ಎಂದರು. ಅಷ್ಟೇ.

ದೇವರ ಮುಂದೆ ಸುಳ್ಳು ಹೇಳಿದವಳಲ್ಲ ಎಂದು ಮೊದಲಿಗೆ ಬರೆದೆನಲ್ಲ; ಅದನ್ನು ತಿದ್ದುವುದಿಲ್ಲ. ಗಾಡಿಯ ಮುಂದೆ ಹೇಳಿದ್ದೇನೆ, ಅದು ಬೇರೆ. ಆಮೇಲೆ ನೀರೊಲೆಗೆ ಹೋಗಿ ಬೊಗಸೆ ತುಂಬ ಬೂದಿ ತಂದು, ಸೆರಗು ಸಿಕ್ಕಿಸಿ, ಅಂಗಳದ ಕಲೆ ತಿಕ್ಕಲು ಕೂತೆ.