ಶಾಂತವಾಗಲಿ ಎಂದು ಬೇಡುತ್ತ ಬತ್ತಿ ಹೊಸೆದದ್ದು

ಬತ್ತಿಯ ತುದಿಯಲ್ಲಿ ಬೆಳಕಾಗಿ ಕೂತವನೇ, ಬೆಟ್ಟವಿಳಿದು ಶಿಕಾಗೋ ಬಳಿಯ ಅರೋರಾದ ಬಯಲಿಗೂ ಬಂದು ನಿಂತ ಶ್ರೀನಿವಾಸನೇ, ಮೊದಲ ನಮಸ್ಕಾರ ನಿನಗೆ. ನಗಿಸುವವನೂ ನೀನೇ ಆದ್ದರಿಂದ, ಈ ಮಾತುಗಳಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆಯೂ ನಿನ್ನದೇ.

ದೇವರ ದೀಪ ಇರುವ ಮನೆಯಲ್ಲಿ ವೇಪೂ ಒಂದು ಬಂದು ಸೇರಿಕೊಂಡರೆ ಇಂಥವು ನಡೆಯುತ್ತಲೇ ಇರುತ್ತವೆ, ಯಾರೂ ತಡೆಯಲಾರರು.

ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕು ಮಾಡುವ ಕಡೆ ಇಂಜಿನಿಯರ್. ಸಿಗರೇಟು ಬಿಡುತ್ತೇನೆಂದು ವೇಪ್ ಎಂಬ ಹಬೆ ಸೇದುವ ಯಂತ್ರ ಹಿಡಿದರು. ಅದೂ ಸೇದಿ ಎಸೆಯುವ ಜಾತಿಯದಲ್ಲ. ಬಿಚ್ಚಿ, ಒಳಗೆ ಸಣ್ಣ ತಂತಿಯ ಸುರುಳಿಯನ್ನು ನಾವೇ ಸುತ್ತಿ ಕೂರಿಸಿ, ಅದರ ನಡುವೆ ಅರಳೆಯ ಬತ್ತಿಯನ್ನು ನಾವೇ ಹಾಯಿಸಬೇಕಾದ ಜಾತಿಯದು. ಸುರುಳಿಗೆ ಕಾಯಿಲ್ ಅನ್ನುತ್ತಾರೆ. ಬತ್ತಿ ನಿಕೋಟಿನ್ ರಸ ಹೀರುತ್ತದೆ, ಗುಂಡಿ ಒತ್ತಿದರೆ ಕಾಯಿಲ್ ಕಾಯುತ್ತದೆ, ರಸ ಹಬೆಯಾಗಿ ಬರುತ್ತದೆ. ಬೆಳಗಿನ ಕಿಟಕಿಯ ಬಳಿ ಅವರು ಬಿಟ್ಟ ಹಬೆ ಎಳೆಬಿಸಿಲಿನಲ್ಲಿ ಸುಮ್ಮನೆ ತೇಲುವಾಗ, ಮನೆಯೊಳಗೇ ಒಂದು ಮೋಡ ದಾರಿ ತಪ್ಪಿ ಬಂದಂತೆ ಇರುತ್ತಿತ್ತು. ಚೆಂದವೇನೋ ಹೌದು. ಆದರೆ ಒಳಗೆ ಹೋಗುವುದು ಅವರ ಎದೆಗೆ ತಾನೆ?

ಅರೋರಾದಲ್ಲಿರುವ ಮಗಳು ತಾನು ಬಸುರಿ ಎಂದು ತಿಳಿಸಿದ ಫೋನಿನಲ್ಲೇ ಅಪ್ಪನಿಗೆ ಷರತ್ತು ಹಾಕಿದಳು. “ಅಪ್ಪಾ, ಐ ಆಮ್ ಸೀರಿಯಸ್. ವೇಪ್ ಪೂರ್ತಿ ಬಿಟ್ಟ ಮೇಲೇ ಬೇಬಿನ ಎತ್ಕೊಳ್ಳೋದು. ಬಟ್ಟೆಗೂ ವಾಸನೆ ಇರಬಾರದು.”

“ಬಿಟ್ಟೆ ಅಂತ ತಿಳ್ಕೋ,” ಎಂದರು ಇವರು.

“ಸಿಗರೇಟಿಗೂ ಹಿಂಗೇ ಹೇಳ್ತಿದ್ರಿ,” ಎಂದು ಅವಳು ಫೋನಿಟ್ಟಳು.

ಅಂದು ಸಂಜೆ ದೀಪ ಹಚ್ಚಿ ಬೇಡಿಕೊಂಡೆ. ದೀಪ ಆರಿತು ಅನ್ನುವ ಬಾಯಿ ನಮ್ಮದಲ್ಲ, ಶಾಂತವಾಯಿತು ಅನ್ನುತ್ತೇವೆ. ವೇಪಿಗೂ ಅದೇ ಮಾತು ಬಂತು. “ಅದು ಶಾಂತವಾಗಲಪ್ಪಾ. ಮೊಮ್ಮಗುವನ್ನು ಅವರು ಎತ್ತಿಕೊಳ್ಳುವ ಹಾಗಾಗಲಿ.”

ಅಮ್ಮನವರ ಕೊರಳು

ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ನನ್ನ ಅರಳೆ ಮುಗಿದಿತ್ತು. ಇವರ ಮೇಜಿನ ಖಾನೆಯಲ್ಲಿ ಒಂದು ಪೊಟ್ಟಣ ಸಿಕ್ಕಿತು. ಎಂಥ ಅರಳೆ ಅಂತೀರಿ! ಬೀಜವಿಲ್ಲ, ಕಸವಿಲ್ಲ, ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ. ದೇವರೇ ಕಳಿಸಿದ ಎಂದುಕೊಂಡು, ಕೂತು ಉದ್ದಕ್ಕೆ ಗೆಜ್ಜೆವಸ್ತ್ರ ಮಾಡಿ, ಅರಿಶಿನ ಕುಂಕುಮ ಹಚ್ಚಿ, ಕಲಶಕ್ಕೆ ಏರಿಸಿದೆ. ಉಳಿದದ್ದನ್ನು ಹೂಬತ್ತಿ ಮಾಡಿ ತುಪ್ಪದಲ್ಲಿ ಅದ್ದಿ ಸ್ಟೀಲ್ ಡಬ್ಬಿಯಲ್ಲಿಟ್ಟೆ.

ಹಬ್ಬದ ಬೆಳಗ್ಗೆ ಮಹಡಿಯಿಂದ ಕೂಗು. “ಲೇ, ನನ್ನ ಜಪಾನ್ ಕಾಟನ್ ಎಲ್ಲೇ?”

“ಅಮ್ಮನವರ ಕೊರಳಲ್ಲಿದೆ. ಬೇಕಿದ್ರೆ ನೀವೇ ಕೇಳಿ ಇಸ್ಕೊಳ್ಳಿ.”

ಇಳಿದು ಬಂದರು, ಕಲಶ ನೋಡಿದರು, ಕುಂಕುಮ ಹತ್ತಿದ ತಮ್ಮ ಕಾಟನ್ ನೋಡಿದರು, ನಮಸ್ಕಾರ ಮಾಡಿ ಸುಮ್ಮನೆ ಹೋದರು. ಇಷ್ಟು ಬೇಗ ಸುಮ್ಮನಾಗುವವರಲ್ಲವಲ್ಲ ಎಂದುಕೊಳ್ಳುತ್ತಿರುವಾಗ ಗರಾಜಿನಿಂದ ಕೆಮ್ಮು ಕೇಳಿಸಿತು. ಹೋಗಿ ನೋಡಿದರೆ ಸ್ಟೀಲ್ ಡಬ್ಬಿ ತೆರೆದಿದೆ. ಹೂಬತ್ತಿಯೊಂದನ್ನು ಬಿಡಿಸಿ ಕಾಯಿಲ್‌ಗೆ ತುರುಕಿಕೊಂಡಿದ್ದಾರೆ. ಎಣ್ಣೆ ತುಪ್ಪ ಆ ಯಂತ್ರಕ್ಕೆ ತಾಗಲೇಬಾರದು ಎಂದು ನನಗೆ ಪಾಠ ಹೇಳಿದವರೂ ಇವರೇ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಗರಾಜೆಲ್ಲ ಒಬ್ಬಟ್ಟಿನ ವಾಸನೆ.

“ಇದಕ್ಕೆ ಏನ್ ಹಾಕಿದೀಯ?” ಎಂದರು ಉಸಿರು ಸಿಕ್ಕ ಮೇಲೆ.

“ತುಪ್ಪ ರೀ.”

“ಹೇಳೋದಲ್ವಾ ಮೊದಲೇ?”

“ಕದಿಯೋರಿಗೆ ಮೊದಲೇ ಹೇಳೋ ಪದ್ಧತಿ ನಮ್ಮನೇಲಿಲ್ಲ.”

ಕೈ ಮುಗಿದದ್ದು

ಇವರು ಕಾಯಿಲ್ ಸುತ್ತುವುದರಲ್ಲಿ ನಿಸ್ಸೀಮರು. ಮೀಟರು ಹಿಡಿದು ಅಳೆದು, ಕನ್ನಡಕದ ಮೇಲೊಂದು ಭೂತಗನ್ನಡಿ ಇಟ್ಟು ಸುತ್ತುತ್ತಾರೆ. ಬತ್ತಿ ಮಾತ್ರ ಅವರ ಕೈಗೆ ಒಲಿಯಲಿಲ್ಲ. ಬಿಗಿಯಾಗಿ ತುರುಕುತ್ತಾರೆ, ರಸ ಏರುವುದಿಲ್ಲ, ಅರಳೆ ಸುಟ್ಟು ಗಂಟಲಿಗೆ ಹೊಡೆಯುತ್ತದೆ. ಹಾಗೆ ಸುಟ್ಟ ದಿನವೆಲ್ಲ, “ಇದರ ಬದಲು ಸಿಗರೇಟೇ ವಾಸಿ,” ಎಂದು ಕಾರಿನ ಕೀಲಿ ಹುಡುಕುತ್ತಾರೆ. ಆ ಕೀಲಿಯ ಸದ್ದಿಗೆ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಹಾಗಾಗಿ ಬತ್ತಿಯ ಕೆಲಸ ನನಗೆ ಬಂತು. “ಅರಳೆ ಹಿಸುಕಬೇಡಿ, ಅದಕ್ಕೂ ಉಸಿರು ಬೇಕು,” ಎಂದು ಹೇಳುತ್ತ, ಸಡಿಲವಾಗಿ ಹೊಸೆದು, ಕಾಯಿಲ್‌ನೊಳಗೆ ಹಾಯಿಸಿ, ಎರಡೂ ತುದಿ ಕತ್ತರಿಸಿ, ಕೆಳಗಿನ ರಸದ ಕುಳಿಗೆ ಮೆಲ್ಲಗೆ ಮಡಚಿ ಮುಳುಗಿಸುವುದು. ಬೆಳಗ್ಗೆ ದೇವರಿಗೆ, ಆಮೇಲೆ ಅವರಿಗೆ. ಕತ್ತರಿ ಬೇರೆ ಬೇರೆ. ಬೇಡಿಕೊಳ್ಳುವುದು ಶಾಂತವಾಗಲಿ ಎಂದು, ಬತ್ತಿ ಹೊಸೆಯುವುದು ಉರಿಯಲಿ ಎಂದು! ಮೇಲಿರುವವನು ನನ್ನ ಅರ್ಜಿ ಓದಿ ತಲೆ ಕೆರೆದುಕೊಂಡಿರಬೇಕು.

ಹಳೇ ಬತ್ತಿ ತೆಗೆದ ಮೇಲೆ ಕಾಯಿಲ್ ಶುದ್ಧಿ ಮಾಡಲು ಅದನ್ನು ಬರಿದಾಗಿ ಕಾಯಿಸುತ್ತಾರೆ. ಗುಂಡಿ ಒತ್ತಿದರೆ ಆ ಪುಟ್ಟ ಸುರುಳಿ ನಡುವಿನಿಂದ ಕೆಂಪೇರುತ್ತ, ತುದಿಯವರೆಗೂ ಹರಡುತ್ತ, ಮುಂಜಾವಿನ ಸೂರ್ಯನ ಚೂರಿನಂತೆ ಹೊಳೆಯುತ್ತದೆ. ಮೊದಲ ಸಲ ನೋಡಿದವಳು ನಾನು ನನಗೇ ಅರಿವಿಲ್ಲದೆ ಕೈ ಮುಗಿದುಬಿಟ್ಟೆ.

“ಇದಕ್ಕೂ ಕೈ ಮುಗೀತೀಯಾ?” ಎಂದು ನಕ್ಕರು.

“ಬೆಂಕಿ ಕಂಡ್ರೆ ಕೈ ತಾನಾಗೇ ಮೇಲೆ ಬರುತ್ತೆ ರೀ.”

“ಮತ್ತೆ ಇಷ್ಟು ವರ್ಷ ನಾನು ಸಿಗರೇಟು ಹಚ್ಚಿದಾಗ ಒಂದು ದಿನವಾದ್ರೂ ಮುಗಿದೆಯಾ?”

“ಆಗ ಬೈಯೋದಕ್ಕೆ ಕೈ ಬೇಕಾಗಿತ್ತು.”

ಹಿಮದಲ್ಲಿ ಮಾವು

ಸಂಕ್ರಾಂತಿಯ ಭಜನೆ ನಮ್ಮ ಮನೆಯಲ್ಲಿ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ಬೀದಿಯೆಲ್ಲ ಬಿಳುಪು, ಮರಗಳು ಉಸಿರು ಹಿಡಿದು ನಿಂತಿದ್ದವು. ಒಳಗೆ ಎಳ್ಳುಬೆಲ್ಲ, ತಾಳ, ನಮ್ಮ ಬಡಾವಣೆಯಲ್ಲೇ ಇರುವ ಧಾರವಾಡದ ಆಂಟಿಯ ಗಟ್ಟಿ ದನಿ. ಅವರು ವಯಸ್ಸಿನಲ್ಲೂ ಭಕ್ತಿಯಲ್ಲೂ ನಮಗೆಲ್ಲ ಹಿರಿಯರು. ನಮ್ಮ ಯಜಮಾನರು, “ಫರ್ನೇಸ್ ಯಾಕೋ ಸದ್ದು ಮಾಡ್ತಿದೆ, ನೋಡ್ಕೊಂಡ್ ಬರ್ತೀನಿ,” ಎಂದು ಬೇಸ್‌ಮೆಂಟಿಗೆ ಇಳಿದರು.

ಬೇಸ್‌ಮೆಂಟಿನ ಗಾಳಿಯನ್ನೇ ಎಳೆದು ಬಿಸಿ ಮಾಡಿ ಮನೆಗೆಲ್ಲ ಹಂಚುತ್ತದೆ ಆ ಫರ್ನೇಸ್. ಬ್ರೇಕು ಮಾಡುವ ಇಂಜಿನಿಯರಿಗೆ ಇದು ಹೊಳೆಯಲಿಲ್ಲ. ಸರಿಯಾಗಿ ಮಂಗಳಾರತಿ ಎತ್ತುವ ಹೊತ್ತಿಗೆ ದೇವರ ಮಂಟಪದ ಪಕ್ಕದ ಜಾಲರಿಯಿಂದ ತೆಳ್ಳನೆ ಬಿಳಿ ಹಬೆ ಎದ್ದು, ಆರತಿಯ ಬೆಳಕಿನಲ್ಲಿ ನವಿರಾಗಿ ಸುರುಳಿ ಸುತ್ತಿತು. ಜೊತೆಗೇ ಘಮ ಘಮ ಮಾವಿನ ಹಣ್ಣಿನ ವಾಸನೆ. ತಾಳ ನಿಂತಿತು. ಎಲ್ಲರ ಕಣ್ಣು ಅರ್ಧ ಮುಚ್ಚಿತು. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಮೈ ಜುಮ್ಮೆಂದಿತು.

“ಆಪೂಸ್ ಹಣ್ಣಿನ ವಾಸನಿ ಬರ್ಲಿಕ್ಕತ್ತದ!” ಎಂದು ಆಂಟಿ ಗದ್ಗದರಾದರು. “ಈ ಹಿಮದಾಗ, ಜನವರಿ ತಿಂಗಳದಾಗ! ಬಂದಾನವಾ, ನಮ್ಮಪ್ಪ ಬಂದಾನ!”

ಅಷ್ಟರಲ್ಲಿ ನಮ್ಮಪ್ಪನಲ್ಲ, ನಮ್ಮ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಆಂಟಿ ಅವರ ಅಂಗೈಗೆ ತೀರ್ಥ ಹಾಕುತ್ತ ಮರುಗಿದರು. “ಅಯ್ಯ ಪಾಪ, ದೇವರು ಬಂದ ಹೊತ್ತಿನಾಗ ನೀವೊಬ್ಬರೇ ಇರಲಿಲ್ಲ ನೋಡ್ರಿ.”

ದೇವರ ಮುಂದೆ ಸುಳ್ಳನ್ನು ಹಾಗೇ ಬಿಡುವುದು ನನ್ನಿಂದಾಗಲಿಲ್ಲ. ಪ್ರಸಾದ ಹಂಚುವಾಗ ಆಂಟಿಯನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟೆ. “ಆಂಟಿ, ಅದು ದೇವರದ್ದಲ್ಲ, ನಮ್ಮನೆಯವರ ಯಂತ್ರದ ಮಾವಿನ ರಸದ ಹಬೆ. ಕೆಳಗೆ ಸೇದ್ತಿದ್ರು.”

ಆಂಟಿ ನನ್ನನ್ನು ಕನಿಕರದಿಂದ ನೋಡಿ ಬೆನ್ನು ಸವರಿದರು. “ಬಿಡವಾ ತಂಗಿ. ಗಂಡನ ಮ್ಯಾಲ ಪ್ರೀತಿ ಇರಬೇಕು ಖರೆ. ಆದ್ರ ಇಷ್ಟು ದೊಡ್ಡ ಕೀರ್ತಿ ಅವರಿಗೆ ಕೊಡಬ್ಯಾಡ.”

ಕೊನೆಯ ಹೂಬತ್ತಿ

ಫೆಬ್ರವರಿಯಲ್ಲಿ ಮೊಮ್ಮಗಳು ಹುಟ್ಟಿದಳು. ಬಾಣಂತನಕ್ಕೆ ನಾನು ಮೊದಲೇ ಅರೋರಾ ಸೇರಿದ್ದೆ. ಇವರು ಡ್ರೈವ್ ಮಾಡಿಕೊಂಡು ಬಂದು, ಷರತ್ತಿನ ಪ್ರಕಾರ ಬಾಗಿಲ ಬಳಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತು ಮಗುವನ್ನು ನೋಡಿದರು. ಅದು ಆಕಳಿಸಿತು, ಇವರ ಬಾಯೂ ತಾನಾಗಿ ತೆರೆಯಿತು. ಹಾಗೇ ನಾರ್ತ್‌ವಿಲ್‌ಗೆ ವಾಪಸಾದರು.

ನಾನು ಅರೋರಾಕ್ಕೆ ಹೊರಡುವ ಮುಂಚೆಯೇ ಅವರಿಗೆ ಹೇಳಿದ್ದೆ. “ದಿನಾ ದೇವರಿಗೆ ದೀಪ ತಪ್ಪಬಾರದು. ಒಣ ಹೂಬತ್ತಿ ಮಾಡಿಟ್ಟಿದೀನಿ. ಬಟ್ಟಲಲ್ಲಿಟ್ಟು ತುಪ್ಪ ಹಾಕಿ ಹಚ್ಚೋದಷ್ಟೆ.” ವೇಪಿನ ಬತ್ತಿಯ ವಿಷಯ ನಾನೂ ಎತ್ತಲಿಲ್ಲ, ಅವರೂ ಕೇಳಲಿಲ್ಲ.

ಆಮೇಲೆ ಮಿಶಿಗನ್ನಿಗೆ ಹಿಮ ಸುರಿಯಿತು. ಕಾರಿಲ್ಲದೆ ಹಾಲೂ ಸಿಗದ ಊರು ನಮ್ಮದು. ಕಾರು ಹೊರಬರುವ ಡ್ರೈವ್‌ವೇ ಮುಚ್ಚಿಹೋಗಿ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಒಂದು ಬೆಳಗ್ಗೆ ಮಗುವಿಗೆ ಎಣ್ಣೆ ನೀವುತ್ತಿದ್ದಾಗ ಇವರ ವಿಡಿಯೊ ಕಾಲ್. ಮುಖ ಸಣ್ಣದಾಗಿತ್ತು. “ಬತ್ತಿ ಸುಟ್ಹೋಗಿದೆ ಕಣೇ. ನಾನೇ ಹಾಕಿ ಹಾಕಿ ಕಾಟನ್ನೆಲ್ಲ ಹಾಳಾಯ್ತು. ಡಬ್ಬೀಲಿ ನಿನ್ನ ಹೂಬತ್ತಿ ಒಂದೇ ಒಂದು ಉಳಿದಿದೆ. ಇನ್ನೂ ದೀಪ ಹಚ್ಚಿಲ್ಲ.”

ನನ್ನ ಕೈ ಮಗುವಿನ ಎದೆಯ ಮೇಲೆ ನಿಂತಿತು. ಒಣ ಬತ್ತಿ, ಬಿಡಿಸಿದರೆ ಕಾಯಿಲ್‌ಗೆ ಸರಿಹೋಗುತ್ತದೆ. ಬೇಡ ಅಂದರೆ ಬಿಡುವವರಲ್ಲ. ಹೂಂ ಅನ್ನಲು ನಾಲಿಗೆ ಬರಲಿಲ್ಲ. ದೂರದಲ್ಲಿ ಶಿಕಾಗೋ ಕಡೆಯ ರೈಲು ಕೂಗಿಕೊಂಡು ಹೋಯಿತು. “ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ ರೀ,” ಎಂದೆ. ಕಾಲ್ ಕಟ್ಟಾಯಿತು. ಅಂದೆಲ್ಲ ಮಗುವಿನ ತೊಟ್ಟಿಲು ತೂಗಿದಷ್ಟೂ ಸಲ ಗೋವಿಂದ ಗೋವಿಂದ ಎಂದೆ.

ಸಂಜೆ ಒಂದು ಫೋಟೊ ಬಂತು. ದೇವರ ಮುಂದೆ ಬೆಳ್ಳಿ ಬಟ್ಟಲಲ್ಲಿ ಹೂಬತ್ತಿ ಉರಿಯುತ್ತಿತ್ತು. ಕಿಟಕಿಯಾಚೆ ನೀಲಿಗಟ್ಟಿದ ಹಿಮ, ಗಾಜಿನಲ್ಲಿ ಆ ಬೆಳಕಿನದೇ ಇನ್ನೊಂದು ಬೆಳಕು. ಕೆಳಗೆ ಒಂದು ಸಾಲು: “ನಿನ್ನ ದೇವರು ಕೊನೇ ಬತ್ತಿನೂ ಕಿತ್ಕೊಂಡ.”

ನಾನು ಅತ್ತೆ. ಬಾಣಂತಿಯ ಮುಂದೆ ಅಳಬಾರದೆಂದು ಅಡುಗೆಮನೆಯಲ್ಲಿ ಅತ್ತೆ.

ಮರುದಿನ ಫೋನಿನಲ್ಲಿ ಮೆಲ್ಲನೆ ಕೇಳಿದೆ. “ಇವತ್ತು ದೀಪ?”

“ಹಚ್ಚಿದೆ. ಮೊಣಕಾಲುದ್ದ ಹಿಮದಲ್ಲಿ ನಡ್ಕೊಂಡ್ ಹೋಗಿ ಧಾರವಾಡದ ಆಂಟಿ ಹತ್ರ ಬತ್ತಿ ಇಸ್ಕೊಂಡ್ ಬಂದೆ. ಡಬ್ಬಿ ತುಂಬ ಕೊಟ್ಟಿದಾರೆ.”

“ಅಷ್ಟೂ ಬತ್ತಿ ಕೈಯಲ್ಲಿದ್ದೂ ಒಂದನ್ನೂ ವೇಪಿಗೆ ಹಾಕ್ಕೊಳ್ಳಲಿಲ್ವಲ್ಲ ರೀ! ಎಂಥ ವೈರಾಗ್ಯ!”

ಅತ್ತ ಕಡೆ ಡಬ್ಬಿಯ ಮುಚ್ಚಳ ಹಾಕಿದ ಸದ್ದು.

“ವೈರಾಗ್ಯ ಏನ್ ಬಂತು, ಆ ಪುಣ್ಯಾತ್ಗಿತ್ತಿ ಎಲ್ಲಾನೂ ತುಪ್ಪದಲ್ಲಿ ಅದ್ದೇ ಕೊಟ್ಟಿದಾಳೆ.”

ಸ್ವಿಚ್ಚಿಲ್ಲದ ದೀಪ

ಹಿಮ ಕರಗುವಷ್ಟರಲ್ಲಿ ಚಟದ ಹಟವೂ ಕರಗಿತ್ತಂತೆ. ಹಾಗೆಂದು ಇವರು ಹೇಳಿದರು, ಮಗಳು ನಂಬಲಿಲ್ಲ. ನಾಮಕರಣದ ದಿನ ಅವಳ ಮನೆಯ ಬಾಗಿಲಲ್ಲೇ ಅಪ್ಪನ ಕೋಟು ಮೂಸಿದಳು, ಶಲ್ಯ ಮೂಸಿದಳು. “ವಾಸನೆ ಏನೋ ಇಲ್ಲ. ಬಟ್ ಅಪ್ಪಾ, ಡ್ರೈಕ್ಲೀನ್ ಮಾಡ್ಸಿರಬಹುದು. ಸಾರಿ. ಇನ್ನೂ ಸ್ವಲ್ಪ ದಿನ ನೋಡೋಣ.”

ಇವರು ತೊಟ್ಟಿಲಿನಿಂದ ದೂರ, ಪುರೋಹಿತರ ಪಕ್ಕ ಹೋಗಿ ಕೂತರು. ಕೈಗಳು ಮತ್ತೆ ಬೆನ್ನ ಹಿಂದೆ. ನನಗೆ ನೋಡಲಾಗಲಿಲ್ಲ.

ಪುರೋಹಿತರು, “ಅಮ್ಮಾ, ದೀಪಕ್ಕೆ ಬತ್ತಿ ಹಾಕಿಲ್ಲವಲ್ಲ,” ಎಂದರು. ನನ್ನ ಕೈಯೆಲ್ಲ ಅರಿಶಿನ. ಇವರು ತಟ್ಟನೆ ಎದ್ದರು. “ನಾನು ಹಾಕ್ತೀನಿ ಕೊಡಿ. ಇಷ್ಟು ದಿನ ಮನೇಲಿ ದೀಪ ನಂದೇ.”

ಹೂಬತ್ತಿ ಅಲ್ಲ, ಎತ್ತರದ ಕಂಬದ ದೀಪಕ್ಕೆ ಉದ್ದ ಅರಳೆ. ಇವರು ಅಂಗಿಯ ತೋಳು ಮಡಚಿ, ಸಡಿಲವಾಗಿ ಹೊಸೆದು, ಉಸಿರಾಡಲು ಬಿಟ್ಟು, ಎರಡೂ ತುದಿ ಒಪ್ಪವಾಗಿ ಕತ್ತರಿಸಿ, ಮೆಲ್ಲಗೆ ಮಡಚಿ ಎಣ್ಣೆಯೊಳಗೆ ಮುಳುಗಿಸಿದರು. ನಾನು ಕಲಿಸಿದ ಹಾಗೇ. ಅಂದರೆ ವೇಪಿಗೆ ಕಲಿಸಿದ ಹಾಗೇ. ಪುರೋಹಿತರು ಬೆಂಕಿಕಡ್ಡಿ ಗೀರಿ ದೀಪದ ಸುತ್ತ ಒಂದು ಪ್ರದಕ್ಷಿಣೆ ತಂದು ನಿಂತರು.

“ಸ್ವಾಮೀ, ಎರಡೂ ತುದೀನೂ ಎಣ್ಣೆಯೊಳಗೆ ಮುಳುಗಿಸಿದೀರಿ. ನಾನು ಹಚ್ಚೋದು ಎಲ್ಲಿ?”

ನಮ್ಮ ಯಜಮಾನರು ಗಂಭೀರವಾಗಿ ಬಗ್ಗಿ ನೋಡಿದರು. ಆಮೇಲೆ, ಮೇಲಿರುವವನೇ ಸಾಕ್ಷಿ, ಎಡಗೈಯಲ್ಲಿ ದೀಪದ ಕಂಬವನ್ನು ಹಿಡಿದು ಬಲ ಹೆಬ್ಬೆರಳಿನಿಂದ ಅದರ ಪಕ್ಕವನ್ನು ಒತ್ತಿದರು. ಹೊತ್ತಲಿಲ್ಲ. ಸ್ವಲ್ಪ ಮೇಲೆ ಒತ್ತಿದರು.

“ಅದಕ್ಕೆ ಸ್ವಿಚ್ಚಿಲ್ಲ ಸ್ವಾಮೀ,” ಎಂದರು ಪುರೋಹಿತರು, ಕಡ್ಡಿ ಬೆರಳು ಸುಡುವವರೆಗೂ ಹಿಡಿದುಕೊಂಡು.

ಮಗಳು ಆ ಹೆಬ್ಬೆರಳನ್ನು ನೋಡಿದಳು. ನಗು ತಡೆಯಲಾಗದೆ ಗೋಡೆಗೆ ಒರಗಿದಳು. ಆಮೇಲೆ ತೊಟ್ಟಿಲಿನಿಂದ ಮಗುವನ್ನೆತ್ತಿ ನೇರವಾಗಿ ಅಪ್ಪನ ತೊಡೆಯ ಮೇಲಿಟ್ಟಳು.

“ಡ್ರೈಕ್ಲೀನ್ ಅಂದ್ಯಲ್ಲಾ?” ಎಂದೆ ನಾನು.

“ಅಮ್ಮಾ, ದೀಪದಲ್ಲಿ ಬಟನ್ ಹುಡುಕ್ತಿದಾರೆ ಅಂದ್ರೆ ಜೇಬಲ್ಲಿ ಬಟನ್ ಇಲ್ಲ ಅಂತ ಅರ್ಥ. ಐ ಬಿಲೀವ್ ಹಿಮ್.”

ಪುರೋಹಿತರು ಒಂದು ತುದಿಯನ್ನು ಎಣ್ಣೆಯಿಂದ ಮೇಲೆಳೆದು ದೀಪ ಬೆಳಗಿಸಿದರು. ಆ ಬೆಳಕಿನಲ್ಲಿ ನೋಡಿದರೆ, ಇವರ ಅದೇ ಬಲ ಹೆಬ್ಬೆರಳನ್ನು ಮಗು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದು ಮಲಗಿಬಿಟ್ಟಿತ್ತು. ಹೆಸರಿಡುವ ಶಾಸ್ತ್ರವಾಯಿತು, ಊಟದ ಎಲೆಯೂ ಬಂತು. ಇವರು ಅಲ್ಲಾಡಲಿಲ್ಲ.

“ಏಳಿ ರೀ, ಊಟಕ್ಕೆ.”

“ಶ್ಶ್,” ಎಂದರು. “ಬ್ರೇಕ್ ಹಾಕ್ಬಿಟ್ಟಿದಾಳೆ.”

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ಉರಿಯಬೇಕಾದ್ದು ನಂದದೆ ಉರಿಯಲಿ, ಶಾಂತವಾಗಬೇಕಾದ್ದು ತಾನಾಗಿ ಶಾಂತವಾಗಲಿ. ನಿಮ್ಮ ಹೆಬ್ಬೆರಳನ್ನು ಹಿಡಿದುಕೊಳ್ಳಲು ಒಂದು ಪುಟ್ಟ ಮುಷ್ಟಿಯನ್ನು ಆ ಶ್ರೀನಿವಾಸ ಕರುಣಿಸಲಿ.