ಓದದೆ ‘ಒಪ್ಪಿಗೆ’ ಒತ್ತಿದ ವಾರ

ಮೊಬೈಲು ಏನು ಕೇಳಿದರೂ ಓದದೆ ‘ಒಪ್ಪಿಗೆ’ ಒತ್ತುವವರ ಬಾಳಿನಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ. ನನಗಂತೂ ಒಂದೇ ವಾರದಲ್ಲಿ ಸಾಲಾಗಿ ಬಂದವು. ಈಗ ಹೇಳುವಾಗ ನಗು ಬರುತ್ತದೆ. ಆಗ ಮಾತ್ರ ಫೋನು ‘ಟಿಣ್’ ಅಂದರೆ ಸಾಕು, ಅದನ್ನು ದಿಂಬಿನ ಕೆಳಗೆ ತುರುಕಿಬಿಡುತ್ತಿದ್ದೆ.

ಮರ್ಯಾದೆಯ ಪ್ರಶ್ನೆ

ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆಯ ಕನ್ನಡಿಗರಿಗಾಗಿ ನಮ್ಮದೊಂದು ಪುಟ್ಟ ವೆಬ್‌ಸೈಟ್ ಇದೆ. ಎಲ್ಲರೂ ಅದನ್ನು ‘ಕಟ್ಟೆ’ ಅನ್ನುತ್ತಾರೆ. ಬಾಡಿಗೆ ಮನೆ, ಹುಳಿಪುಡಿ, ಶಾಲೆಯ ಅಡ್ಮಿಷನ್, ಮನೆಯ ಕಷ್ಟಸುಖ, ಏನು ಬೇಕಾದರೂ ಕೇಳಬಹುದು. ನಿಜವಾದ ಹೆಸರು ಕೊಡಬೇಕಾಗಿಲ್ಲ, ಯಾವುದೋ ಒಂದು ಸುಳ್ಳು ಹೆಸರು ಇಟ್ಟುಕೊಂಡರೆ ಆಯಿತು. ಅದಕ್ಕೇ ಜನ ಮನಸ್ಸು ಬಿಚ್ಚಿ ಬರೆಯುತ್ತಿದ್ದರು. ನಾನು ಮೈಸೂರಿನವನು. ಮನೆ ಠಾಕುರ್ಲಿಯಲ್ಲಿ, ಕೆಲಸ ಠಾಣೆಯ ಒಂದು ವಿಮಾ ಕಚೇರಿಯಲ್ಲಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಕಟ್ಟೆಯ ಅಡ್ಮಿನ್ ಕೆಲಸ ನನ್ನ ತಲೆಗೆ ಬಂದಿತ್ತು.

ಕಟ್ಟೆ ನಡೆಸುವ ನಮ್ಮ ಸಂಘದ ಕಾರ್ಯದರ್ಶಿಗಳು ಹುಬ್ಬಳ್ಳಿಯವರು, ರೈಲ್ವೆಯಿಂದ ನಿವೃತ್ತರಾದವರು. ಒಂದು ಭಾನುವಾರ ಫೋನ್ ಮಾಡಿದರು. “ಸಾಹೇಬ್ರ, ಹುಡುಗ್ರು ಯಾರೂ ನಮ್ಮ ಕಟ್ಟಿಗೆ ಬರವಲ್ರು. ಎಲ್ಲಾ ಸೋಷಿಯಲ್ ಮೀಡಿಯಾದಾಗ ಕುಂತಾರ. ನಮ್ಮ ಕಟ್ಟೀನ ಅದಕ್ಕ ಜೋಡಿಸಿಬಿಡ್ರಿ, ಸಾಲುಗಟ್ಟಿ ಬರ್ತಾರ.”

ಜೋಡಿಸಲು ಕೂತೆ. ಪರದೆ ಒಂದರ ಹಿಂದೊಂದು ಪ್ರಶ್ನೆ ಕೇಳಿತು. ನಾನು ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ ಅಂತ ಒತ್ತುತ್ತಾ ಹೋದೆ. ಮಗಳು ಹಿಂದೆ ನಿಂತು ನೋಡುತ್ತಿದ್ದಳು. ಅವಳು ಹುಟ್ಟಿದ್ದೇ ಇಲ್ಲಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಪಪ್ಪಾ, ಪಢಾ ಭೀ ಕ್ಯಾ, ಕ್ಯಾ ಮಾಂಗ್ ರಹಾ ಹೈ?”

“ಅದನ್ನೆಲ್ಲ ಯಾರು ಓದ್ತಾರಮ್ಮ, ಸುಮ್ನೆ ಮರ್ಯಾದೆಗೆ ಏನೇನೋ ಕೇಳ್ತಾ ಇದೆ,” ಅಂದೆ.

ಅದು ಕೇಳಿದ್ದು ನನ್ನ ಮರ್ಯಾದೆಯನ್ನೇ ಎಂದು ಮಾರನೆಯ ದಿನ ಗೊತ್ತಾಯಿತು.

ಪ್ರಿಯ ಫೋನ್ ಎತ್ತಬೇಡ

ಸೋಮವಾರ ಬೆಳಿಗ್ಗೆ ಲೋಕಲ್ ರೈಲಿನ ಗರ್ದಿಯಲ್ಲಿ ಕೈ ಅಲ್ಲಾಡಿಸಲೂ ಜಾಗವಿರಲಿಲ್ಲ. ಜೇಬಿನಲ್ಲಿ ಫೋನು ಒಂದೇ ಸಮನೆ ನಡುಗುತ್ತಿತ್ತು. ಠಾಣೆಯಲ್ಲಿ ಇಳಿದು ನೋಡಿದರೆ ಪರದೆ ತುಂಬ ಮಿಸ್ಡ್ ಕಾಲ್. ಆ ಸೋಷಿಯಲ್ ಮೀಡಿಯಾ ನನ್ನ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಬಾಚಿಕೊಂಡು, ಒಬ್ಬೊಬ್ಬರಿಗೂ ನನ್ನ ಪರವಾಗಿ ಆಮಂತ್ರಣ ಕಳಿಸಿತ್ತು. ಅದೂ ನಾನು ಅವರ ನಂಬರನ್ನು ಯಾವ ಹೆಸರಲ್ಲಿ ಉಳಿಸಿಕೊಂಡಿದ್ದೆನೋ ಅದೇ ಹೆಸರು ಹಿಡಿದು.

ಮೊದಲು ಸಿಕ್ಕವರು ಕಾರ್ಯದರ್ಶಿಗಳು. “ಸಾಹೇಬ್ರ, ನನಗೊಂದು ಮೆಸೇಜ್ ಬಂದೈತಿ. ‘ಪ್ರಿಯ ಫೋನ್ ಎತ್ತಬೇಡ ಅವರೇ, ಕಟ್ಟೆಗೆ ಬನ್ನಿ.’ ಇದು ಯಾರ ಹೆಸರ್ರಿ?”

“ಏನೋ ತಾಂತ್ರಿಕ ದೋಷ ಸಾರ್.”

“ಹಂಗಾರ ನಮ್ಮ ಅಧ್ಯಕ್ಷರಿಗೆ ‘ಪ್ರಿಯ ಬರೀ ಮಾತು’ ಅಂತ ಹೋಗೈತಲ್ಲ, ಅದೂ ದೋಷಾನ? ಅದೊಂದು ಮಾತ್ರ ಬರೋಬರಿ ಐತಿ ಬಿಡ್ರಿ.”

ಅವರು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಮ್ಯಾನೇಜರ್ ಮೇಡಂ ನಂಬರನ್ನು ನಾನು ‘ಗುಡುಗು’ ಎಂದು ಉಳಿಸಿಕೊಂಡಿದ್ದು ಆಗ ನೆನಪಾಯಿತು. ಅವರು ಮರಾಠಿಯವರು, ಕನ್ನಡ ಓದಲು ಬಾರದು ಅನ್ನುವುದೇ ಒಂದು ಸಮಾಧಾನ. ಕಚೇರಿಗೆ ಓಡಿದರೆ, ಮೇಡಂ ಸೀಟಿನಲ್ಲಿಲ್ಲ. ಆ ಆಮಂತ್ರಣ ಓದಿಸಿಕೊಳ್ಳಲು ಫೋನ್ ಹಿಡಿದು ಕ್ಯಾಂಟೀನಿಗೆ ಹೋಗಿದ್ದಾರೆ. ಕ್ಯಾಂಟೀನ್ ನಡೆಸುವವರು ಕುಂದಾಪುರ ಕಡೆಯವರು!

ನಾನು ಬಾಗಿಲಲ್ಲಿ ನಿಂತು ಕೈ ಮುಗಿದೆ. ಕ್ಯಾಂಟೀನಿನವರು ಒಮ್ಮೆ ಫೋನ್ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. “ಮೇಡಂ, ಗುಡುಗು ಮತ್ಲಬ್... ಹಮಾರೆ ಉಧರ್ ಬಹುತ್ ಬಡೇ ಲೋಗೋಂ ಕೋ ಐಸಾ ಬೋಲ್ತೇ ಹೈಂ,” ಅಂದರು. ಆಮೇಲೆ ಚಹಾ ಕೊಡುವಾಗ ನನ್ನ ಕಿವಿಯಲ್ಲಿ, “ಮಾರಾಯ್ರೆ, ಇವತ್ತು ಉಳಿಸಿದ್ದೇನೆ. ನಾಳೆ ಆಫೀಸಿಗೆ ಬೇರೆ ಕನ್ನಡದವರು ಸೇರಿದರೆ ನನ್ನನ್ನು ಕೇಳಬೇಡಿ,” ಅಂದರು.

ಬಹಳ ದೊಡ್ಡವರಿಗೆ ಮಾತ್ರ ಕೊಡುವ ಆ ಬಿರುದು ಮೇಡಂಗೆ ಬಹಳ ಹಿಡಿಸಿತು. ಈಗಲೂ ಫೋನ್ ಮಾಡಿದರೆ, “ಹಾಂ, ಮೀ ಗುಡುಗು ಬೋಲ್ತೇಯ್,” ಎಂದು ಮರಾಠಿಯಲ್ಲಿ ತಮ್ಮ ಬಿರುದು ಹೇಳಿಕೊಂಡೇ ಶುರುಮಾಡುತ್ತಾರೆ.

ಎಣ್ಣೆ ಬಿಡಿ

ಬುಧವಾರ ಕಲ್ಯಾಣದಿಂದ ಹಿರಿಯರೊಬ್ಬರು ಫೋನ್ ಮಾಡಿದರು. ಕಟ್ಟೆಯಲ್ಲಿ ‘ಸಾತ್ವಿಕ’ ಎಂಬ ಹೆಸರಲ್ಲಿ ಆರೋಗ್ಯದ ಸಲಹೆ ಬರೆಯುವವರು ಇವರೇ. ಎಣ್ಣೆ ಬಿಡಿ, ಖಾರ ಬಿಡಿ, ಹೊರಗಿನ ತಿಂಡಿ ಬಿಟ್ಟೇಬಿಡಿ ಅಂತ ಅವರು ಬರೆದದ್ದಕ್ಕೆ ಹೆದರಿ ನಮ್ಮ ಮನೆಯಲ್ಲಿ ಬಜ್ಜಿ ನಿಂತು ಹೋಗಿತ್ತು.

“ಯಾರೋ ನನ್ನ ಬೆನ್ನು ಹತ್ತಿದ್ದಾರೆ ಸ್ವಾಮಿ. ದಿನಾ ಬೆಳಿಗ್ಗೆ ನಾನು ಎಲ್ಲಿರ್ತೀನಿ ಅಂತ ನನ್ನ ಹೆಂಡತಿಗೇ ಗೊತ್ತಿಲ್ಲ. ನಿಮ್ಮ ಸದಸ್ಯರಿಗೆ ಹೇಗೆ ಗೊತ್ತಾಯ್ತು?”

ತೆರೆದು ನೋಡಿದೆ. ಜೋಡಣೆಯಾದ ಮೇಲೆ ಪ್ರತಿಯೊಬ್ಬರ ಹೆಸರಿನ ಕೆಳಗೂ ಒಂದು ನಕಾಶೆ ಬಂದಿದೆ, ಅವರು ಎಲ್ಲೆಲ್ಲಿ ಇದ್ದರೋ ಅಲ್ಲೆಲ್ಲ ಹೊತ್ತಿನ ಸಮೇತ ಹಸಿರು ಚುಕ್ಕೆ. ‘ಸಾತ್ವಿಕ’ರ ಚುಕ್ಕೆ ಮೂರು ದಿನವೂ ಬೆಳಿಗ್ಗೆ ಎಂಟಕ್ಕೆ ಸ್ಟೇಷನ್ ಹತ್ತಿರ, ಎಣ್ಣೆ ಖಾರ ತೇಲುವ ಮಿಸಳ್-ಪಾವ್ ಮಾರುವ ಒಂದು ಅಂಗಡಿಯಲ್ಲಿ ಕೂತಿದೆ.

“ಇವತ್ತು ಯಾರೋ ಹೆಂಗಸು ಬಂದು ನನ್ನ ತಟ್ಟೇನೇ ನೋಡ್ತಾ, ‘ಸಾತ್ವಿಕ ಅಂದ್ರೆ ನೀವೇ ಅಲ್ವಾ?’ ಅಂದ್ರು. ಇಲ್ಲ ಅನ್ನೋಣ ಅಂದ್ರೆ ಬಾಯಿ ತುಂಬ ಪಾವ್!”

ಮನೆಯ ದಾರಿ, ಮೊಮ್ಮಗಳ ಶಾಲೆ, ಎಲ್ಲವೂ ಆ ನಕಾಶೆಯಲ್ಲಿತ್ತು. ಚುಕ್ಕೆ ಆರಿಸುವ ಗುಂಡಿ ಹುಡುಕಲು ಅರ್ಧ ದಿನ ಬೇಕಾಯಿತು. ಸಿಕ್ಕಿದ ಮೇಲೆ ಅವರಿಗೆ ತಿಳಿಸಿ, ಮೆಲ್ಲಗೆ ಕೇಳಿದೆ. “ಅಲ್ಲಾ ಸಾರ್, ನೀವೇ ಎಣ್ಣೆ ಬಿಡಿ ಅಂತ ಬರೀತಿದ್ರಲ್ಲ?”

“ಬಿಡಿ ಅಂದದ್ದು ನಿಮಗೆ. ನಾನು ಬಿಟ್ಟಿದ್ದೀನಿ ಅಂತ ಎಲ್ಲಾದ್ರೂ ಬರೆದಿದ್ದೀನಾ? ತೋರಿಸಿ!”

ಹುಡುಕಿದೆ. ನಿಜಕ್ಕೂ ಎಲ್ಲೂ ಬರೆದಿರಲಿಲ್ಲ.

ಘಣಸೋಲಿಯ ಅತ್ತೆ

ಶುಕ್ರವಾರ ಬಂದ ಕರೆ ಮಾತ್ರ ನಗುವಂಥದ್ದಾಗಿರಲಿಲ್ಲ. ಘಣಸೋಲಿಯಿಂದ ಒಬ್ಬ ಹೆಣ್ಣುಮಗಳು ಅಳುತ್ತಿದ್ದಳು. ಉಡುಪಿ ಕಡೆಯವಳು, ಐಟಿ ಕೆಲಸ, ಮನೆಯಲ್ಲಿ ಗಂಡ ಮತ್ತು ಅತ್ತೆ. “ಅಣ್ಣಾ, ನನ್ನ ಸಂಸಾರ ಮುಳುಗಿತು. ಕಟ್ಟೆಯಲ್ಲಿ ನನ್ನ ನಿಜ ಹೆಸರು, ಫೋಟೋ ಎಲ್ಲ ಬಂದಿದೆ!”

ಹೌದು, ಆ ಜೋಡಣೆ ಈಗ ಸದಸ್ಯರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ಹುಡುಕಿ ಹಿಡಿದಿತ್ತು; ಹಳೆಯ ಬರಹಗಳ ಪಕ್ಕದಲ್ಲೂ ಸುಳ್ಳು ಹೆಸರು ಹೋಗಿ ನಿಜ ಹೆಸರು ಬಂದಿತ್ತು. ‘ಒಗ್ಗರಣೆ’ ಎಂಬ ಹೆಸರಲ್ಲಿ ಅವಳು ಒಂದು ವರ್ಷದಿಂದ ಅತ್ತೆಯ ವಿಷಯ ಬರೆದಿದ್ದಳು. ‘ನಾನು ಅಡುಗೆ ಮಾಡುವಾಗ ಅತ್ತೆ ಹಿಂದೆ ನಿಂತು ನಿಟ್ಟುಸಿರು ಬಿಡುತ್ತಾರೆ, ಏನು ಮಾಡಲಿ?’ ಎನ್ನುವಂಥವು.

“ಅತ್ತೆ ನೋಡಿಬಿಟ್ಟಿದ್ದಾರೆ ಅಣ್ಣಾ. ಬೆಳಿಗ್ಗೆಯಿಂದ ಫೋನ್ ಹಿಡಿದು ಕೂತಿದ್ದಾರೆ. ಮಾತಿಲ್ಲ, ಚಾ ಕೂಡ ಕುಡಿದಿಲ್ಲ. ನೀವೇ ಬಂದು ಕಂಪ್ಯೂಟರಿನ ತಪ್ಪು ಅಂತ ಹೇಳಿ.”

ಆ ಕ್ಷಣವೇ ಜೋಡಣೆ ಕಿತ್ತುಹಾಕಿದೆ. ಹೆಸರುಗಳೆಲ್ಲ ಮೊದಲಿನಂತಾದವು. ಆದರೆ ನೋಡಿದವರ ಕಣ್ಣಿನಿಂದ ಕಿತ್ತುಹಾಕುವುದು ಹೇಗೆ? ಗುಡುಗು ಮೇಡಂ ಹತ್ತಿರ ಅರ್ಧ ದಿನ ರಜೆ ಕೇಳಿ, ಠಾಣೆಯಿಂದ ಘಣಸೋಲಿಗೆ ರೈಲು ಹತ್ತಿದೆ. ನನ್ನ ಒಂದು ಬೆರಳಿನಿಂದ ಒಂದು ಮನೆ ಒಡೆಯಿತಲ್ಲ ಎಂದು ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿದೆ.

ಬಾಗಿಲು ತೆರೆದವರು ಅತ್ತೆಯೇ. ಕೂರಿಸಿದರು. ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತೆ ಬೆಳಿಗ್ಗೆಯೇ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರು. ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, “ಇದು ಬರೆದದ್ದು ಇವಳೇ ಅಲ್ವಾ?” ಅಂದರು.

“ಅಮ್ಮಾ, ಅದು ತಾಂತ್ರಿಕ...”

“ಇರಲಿ. ಅದಕ್ಕೆ ಉತ್ತರ ಕೊಟ್ಟದ್ದು ಯಾರು ಅಂತ ನೋಡಿ.”

ನೋಡಿದೆ. ಕಟ್ಟೆಯಲ್ಲಿ ‘ಅನುಭವಿ’ ಎಂಬ ಹೆಸರಿನವರೊಬ್ಬರು ಸೊಸೆಯ ಪ್ರತಿ ಪ್ರಶ್ನೆಗೂ ಬಿಡದೆ ಉತ್ತರ ಬರೆಯುತ್ತಿದ್ದದ್ದು ನನಗೆ ಗೊತ್ತಿತ್ತು. ‘ಹೆದರಬೇಡ ಮಗಳೇ, ಅವರು ನಿಟ್ಟುಸಿರು ಬಿಟ್ಟರೆ ನೀನು ಅದಕ್ಕಿಂತ ದೊಡ್ಡದು ಬಿಡು.’ ‘ಅಂಥ ಅತ್ತೆಗೆ ಕೆಲಸ ಸಾಲದು. ಆದಿತ್ಯವಾರದ ಅಡುಗೆ ಅವರಿಗೇ ಬಿಟ್ಟು ನೀನು ಮಲಗು.’ ಸ್ಕ್ರೀನ್‌ಶಾಟಿನಲ್ಲಿ ಈ ಉತ್ತರಗಳ ಪಕ್ಕ ಒಂದು ಫೋಟೋ ಇತ್ತು. ತಲೆಯೆತ್ತಿದರೆ, ಅದೇ ಮುಖ ನನ್ನೆದುರಿಗೆ ಕೂತಿದೆ.

ಸೊಸೆ ಓಡಿಬಂದು ನೋಡಿದಳು. “ಅಯ್ಯೋ, ‘ಅನುಭವಿ’ ನೀವಾ ಅತ್ತೆ?”

“ಮತ್ತೆ! ಯಾರೋ ಪಾಪದ ಹುಡುಗಿ ಅಂತ ನನಗೆ ಕಣ್ಣಲ್ಲಿ ನೀರು ಬರ್ತಿತ್ತು ಮಾರಾಯ್ತಿ. ಆ ಕೆಟ್ಟ ಅತ್ತೆ ನಾನೇ ಅಂತ ನನಗೆ ಹೇಗೆ ಗೊತ್ತಾಗಬೇಕು?”

ನಾನು ಚಪ್ಪಲಿ ಎಲ್ಲಿ ಬಿಟ್ಟೆ ಎಂದು ನೋಡಿಕೊಂಡೆ. ಆಮೇಲೆ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅತ್ತೆಯೂ ತಡೆಯಲಾರದೆ ನಕ್ಕರು. ನನಗೆ ಅಂತೂ ಉಸಿರು ಬಂತು. “ನಿಮ್ಮಿಬ್ಬರ ಖಾತೆಗಳನ್ನೂ ಈಗಲೇ ಅಳಿಸಿಬಿಡ್ತೀನಮ್ಮ,” ಅಂದೆ.

ಅತ್ತೆ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. “ಬೇಡಪ್ಪ, ‘ಅನುಭವಿ’ಯನ್ನು ಅಳಿಸಬೇಡ! ನಾನು ಎದುರಿಗೆ ನಿಂತು ಹೇಳಿದರೆ ಇವಳು ಒಂದು ಮಾತೂ ಕೇಳುವುದಿಲ್ಲ. ‘ಅನುಭವಿ’ ಹೇಳಿದ್ದನ್ನು ಮಾತ್ರ ಒಂದೂ ಬಿಡದೆ ಮಾಡಿದ್ದಾಳೆ!”