ನನ್ನ ಹೆಣಕ್ಕೆ ಅಳುವವರೇ ಇರಲಿಲ್ಲ

ಎಲ್ಲರೂ ಉಗಿದ ಸಿನಿಮಾದ ಪರ ವಹಿಸಿ ಮಾತಾಡುವವನು ಜಗಳ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಅಂಗಡಿ ಬಾಗಿಲಿಗೆ ಬರುತ್ತದೆ.

ಅರಸೀಕೆರೆಯಲ್ಲಿ ನನ್ನದೊಂದು ಕೊಬ್ಬರಿ ಮಂಡಿ. ನಾನು ಹುಟ್ಟಾ ಗಂಟುಮೋರೆಯವನು. ಆ ಮೋರೆ ನೋಡಿಯೇ ಇರಬೇಕು, ಹಳೇಬೀಡಿಗೆ ಶೂಟಿಂಗಿಗೆ ಬಂದವರು ತಮ್ಮ ಹಾಸ್ಯಚಿತ್ರದಲ್ಲಿ ನನಗೆ ಹೆಣದ ಪಾತ್ರ ಕೊಟ್ಟರು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಹಾಗಾಗಿ ಸಿನಿಮಾ ಪೂರ್ತಿ ವಿಭೂತಿ ಬಳಿದುಕೊಂಡು, ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದೇನೆ. ಯಾರ ಹೊಲದಲ್ಲಿ ಹೂಳಬೇಕೆಂದು ಇಬ್ಬರು ಮಕ್ಕಳು ಕಿತ್ತಾಡುತ್ತಾ ನನ್ನನ್ನು ಗೂಡ್ಸ್ ಆಟೋದಲ್ಲಿ ಊರೂರು ಸುತ್ತಿಸುತ್ತಾರೆ. ಮೂಗಿನ ಮೇಲೆ ನೊಣ ಕೂತರೂ ನಾನು ಅಲುಗಿಲ್ಲ. ಅಂಥದ್ದನ್ನು ಕೆಟ್ಟ ಸಿನಿಮಾ ಅಂದರೆ ಹೊಟ್ಟೆ ಉರಿಯುವುದಿಲ್ಲವೇ?

ಜನರ ಮಾತು ಹಾಳಾಗಲಿ. ಜಾವಗಲ್ಲಿನಲ್ಲಿ ಅಣ್ಣನ ಮನೆಯಲ್ಲಿರುವ ನಮ್ಮವ್ವನಿಗೆ ದಿಗಿಲು ಹತ್ತಿತು. ನಮ್ಮ ಕಡೆ ಯಾರದಾದರೂ ತಲೆಯನ್ನು ಕಾಗೆ ಮುಟ್ಟಿದರೆ, ಅವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ನೆಂಟರು ನಂಬಿ ಅತ್ತರೆ ಕಂಟಕ ಕಳೆಯಿತು.

"ಸುಳ್ಳು ಸಾವಿಗೆ ಯಾರಾದ್ರೂ ಅಳ್ಬೇಕು ಕಣಪ್ಪಾ. ಅಳ್ದಿದ್ರೆ ಅದು ಹಂಗೇ ಕಾಯ್ತಾ ಕೂತಿರ್ತದೆ," ಅಂದಳು ಅವ್ವ.

ಸಿನಿಮಾದಲ್ಲೋ ಅಳಲು ಯಾರಿಗೂ ಪುರುಸೊತ್ತಿಲ್ಲ. ತಾನೇ ನೋಡಿ ಅಳಲು ಅವಳಿಗೆ ಧೈರ್ಯವಿಲ್ಲ. ಅದೇ ಕೊರಗಿನಲ್ಲಿ ಊಟ ಕಡಿಮೆಯಾಯಿತು.

ವಿಮರ್ಶೆ

ಚಿತ್ರದಲ್ಲಿ ಸಹಜವಾಗಿ ನಟಿಸಿರುವುದು ಹೆಣ ಒಂದೇ ಎಂದು ಪತ್ರಿಕೆಯಲ್ಲಿ ಬಂತು. ಬೈಗುಳದ ನಡುವೆ ಅದೊಂದು ಸಾಲು ಹಿಡಿದುಕೊಂಡು, ಮಂಡಿಗೆ ಬಂದ ರೈತರಿಗೆಲ್ಲ ಓದಿ ಹೇಳಿದೆ. ಮೂಟೆ ಇಳಿಸುತ್ತಿದ್ದವರೊಬ್ಬರು ಪೂರ್ತಿ ಕೇಳಿಸಿಕೊಂಡು ಅಂದರು:

"ಸರಿ ಬುಡಿ ಸಾವ್ಕಾರ್ರೇ. ಹೆಣ ಚೆನ್ನಾಗೈತೆ ಅಂತ ಟಿಕೆಟ್ ತಗೊಂಡು ಸಾವಿನ ಮನೆಗೆ ಯಾರು ಹೋಯ್ತಾರೆ?"

ಟಾಕೀಸು

ಆದರೂ ಮ್ಯಾಟಿನಿಗೆ ಹೋದಾಗ ನಾಲ್ಕಾರು ಜನ ಇದ್ದರು. ಕಾಲ ಬುಡದಲ್ಲಿ ಬ್ಯಾಗುಗಳು, ರೈಲು ಕಾಯುವವರು. ಇಂಟರ್ವೆಲ್ಲಿಗೆ ಮೊದಲೇ ಎಲ್ಲರೂ ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟರು. ಕತ್ತಲಲ್ಲಿ ನಾನೊಬ್ಬನೇ, ಪರದೆಯ ಮೇಲೂ ನಾನೇ. ಹೊರಗೆ ಬಂದು ಮ್ಯಾನೇಜರಿಗೆ ಹೇಳಿದೆ: "ಸಿನಿಮಾದ ತಪ್ಪೇನಿಲ್ಲ ಬಿಡಿ. ಪಾಪ, ಅವರ ರೈಲು ಬಂತು."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ರೈಲು ಎರಡು ಗಂಟೆ ಲೇಟಂತೆ ಸಾರ್. ಪ್ಲಾಟ್‌ಫಾರಮ್ಮಲ್ಲೇ ಕೂತಿರ್ತೀವಿ ಅಂದ್ರು."

ಗೃಹಪ್ರವೇಶ

ಬೇಲೂರಿನ ನೆಂಟರ ಗೃಹಪ್ರವೇಶಕ್ಕೆ ಹೋದೆ. ಹೊಸಿಲ ಬಳಿ ಮನೆಯೊಡತಿ ನನ್ನನ್ನು ಕಂಡು, "ಎಲ್ಲರೂ ಒಳಗೆ ಹೋದ್ಮೇಲೆ ನೀವು ಬನ್ನಿ ಅಣ್ಣಾ" ಅಂದರು. ಹಾರ ಹಾಕಿ ಕೂರಿಸಿದ ಆ ಮುಖ ಅವರ ಕಣ್ಣಿಗೆ ಕಟ್ಟಿತ್ತು. ಮನಸ್ಸಿಗೆ ನೋವಾಯಿತು. ಊಟ ಮಾಡದೆ ಹೊರಟುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಯಜಮಾನರು ಓಡಿಬಂದು, ಕೈ ಹಿಡಿದು ಫೋಟೋಕ್ಕೆ ಕರೆದೊಯ್ದು ನಡುವೆ ಕೂರಿಸಿದರು. ಕರಗಿಹೋದೆ. ಆಮೇಲೆ ಅವರು ಕಿವಿಯ ಹತ್ತಿರ ಬಗ್ಗಿದರು:

"ತಪ್ಪು ತಿಳೀಬೇಡಿ. ಸುಮ್ನೆ ಕೂರ್ಬೇಡಿ, ಸ್ವಲ್ಪ ಅಲ್ಲಾಡ್ತಾ ಇರಿ."

ಅವ್ವ

ಕೊನೆಗೆ ಅಣ್ಣ ಫೋನ್ ಮಾಡಿದ: "ಅವ್ವ ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ. ಮಧ್ಯಾಹ್ನ ಟೀವಿಲಿ ನಿನ್ನ ಹೆಣ ಬತ್ತದಂತೆ. ಬಾ, ಅಳ್ಸಿಬುಡಾನ."

ಬಸ್ಸು ಹಿಡಿದು ಹೋದೆ. ಅವ್ವ ಟೀವಿಯೆದುರು ಸೆರಗಿನ ತುದಿ ಹಿಡಿದು ತಯಾರಾಗಿ ಕೂತಿದ್ದಳು. ಪರದೆಯಲ್ಲಿ ನನ್ನ ಆಟೋ ಬಂತು. "ಅಯ್ಯೋ ನನ್ನ ಕಂದಾ," ಎಂದು ಶುರುಮಾಡಿದಳು. ಅಷ್ಟರಲ್ಲಿ ಡ್ರೈವರ್ ಬ್ರೇಕ್ ಹಾಕಿದ, ನಾನು ಕುರ್ಚಿಸಮೇತ ಮುಂದಕ್ಕೆ ಬಾಗಿದೆ. ರಸ್ತೆಯಲ್ಲಿದ್ದ ರಾಜಕಾರಣಿ, ನಾನು ನಮಸ್ಕಾರ ಮಾಡಿದೆನೆಂದು ತಿಳಿದು, ತಾನೂ ಕೈಮುಗಿದು ವೋಟು ಕೇಳಿದ.

ಅವ್ವನ ಬಾಯಿಂದ ಕಿಸಕ್ಕೆಂದು ನಗು ಹೊರಟಿತು. ಗಾಬರಿಯಾಗಿ ಬಾಯಿಗೆ ಸೆರಗು ತುರುಕಿಕೊಂಡಳು. "ಅಳ್ಬೇಕಿತ್ತಲ್ಲೋ!" ಮತ್ತೆ ಮುಖ ಸಪ್ಪಗೆ ಮಾಡಿಕೊಂಡಳು. ರಾಜಕಾರಣಿ ನನ್ನ ಕೈಗೆ ಕರಪತ್ರ ಕೊಟ್ಟ. ಅವ್ವ ಗೋಡೆಗೆ ಒರಗಿ ಬಿದ್ದುಬಿದ್ದು ನಕ್ಕಳು. "ಹಾಳಾದ್ದು, ಅಳಾಕೂ ಬುಡ್ತಿಲ್ವಲ್ಲ!"

ಆ ಸಿನಿಮಾಕ್ಕೆ ಯಾರಾದರೂ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಷ್ಟು ದಿನ ಅದರ ಪರ ಒಬ್ಬನೇ ಬಡಿದಾಡಿದ್ದೆಲ್ಲ ನೆನಪಾಯಿತು. ತಡೆಯಲಾಗದೆ ಬಿಕ್ಕಿಬಿಕ್ಕಿ ಅತ್ತೆ.

ಅವ್ವ ತಿರುಗಿ ನೋಡಿ ನಿಟ್ಟುಸಿರುಬಿಟ್ಟಳು. "ಸದ್ಯ! ಒಬ್ರಾದ್ರೂ ಅತ್ರಲ್ಲ. ಕಳೀತು ಕಂಟಕ. ಮುದ್ದೆ ತಗೊಂಬನ್ರೋ."

"ಸತ್ತೋನೇ ಅತ್ರೆ ನಡೀತದೇನವ್ವಾ?"

"ಹೆಣ ಇನ್ನೇನ್ ಮಾಡ್ತದೆ? ಯಾರೂ ಅಳ್ದಿದ್ಮೇಲೆ ತನ್ನ ಅಳು ತಾನೇ ಅಳ್ಬೇಕು. ಒಸಿ ಸದ್ದಿಲ್ದಂಗೆ ಅಳಪ್ಪಾ, ಸಿನಿಮಾ ಕೇಳುಸ್ತಿಲ್ಲ."